ಡೈಜೆಸ್ಟರ್‌ಗೆ ಮುಂಚೆ ಅಲ್ಟ್ರಾಸೌಂಡ್: 20 ಎಂಎಲ್‌ಡಿ ಎಸ್‌ಟಿಪಿಗೆ ಲೆಕ್ಕ ಕೂಡುತ್ತಾ?

ಚರಂಡಿ_ಲೆಕ್ಕ
ದಿನಕ್ಕೆ 2 ಕೋಟಿ ಲೀಟರ್ ಕೊಳಚೆ ನೀರು ಶುದ್ಧೀಕರಿಸೋ ಘಟಕ (20 ಎಂಎಲ್‌ಡಿ ಎಸ್‌ಟಿಪಿ) ಒಂದಕ್ಕೆ ಅಲ್ಟ್ರಾಸೌಂಡ್ ಪ್ರಸ್ತಾವ ಬಂದಿದೆ. ಸೆಕೆಂಡರಿ ಸ್ಲಡ್ಜ್ (ಗಾಳಿ ತೊಟ್ಟಿಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಕೆಸರು) ಡೈಜೆಸ್ಟರ್‌ಗೆ, ಅಂದ್ರೆ ಗಾಳಿಯಿಲ್ಲದೆ ಕೊಳೆಸಿ ಗ್ಯಾಸ್ ತೆಗೆಯೋ ತೊಟ್ಟಿಗೆ, ಹೋಗುವ ಮುಂಚೆ 20 ಕಿಲೋಹರ್ಟ್ಸ್ ತರಂಗ ಹಾಯಿಸಿ ಬ್ಯಾಕ್ಟೀರಿಯಾದ ಕೋಶ ಒಡೆಯುತ್ತಾರಂತೆ. ಬ್ರೋಷರ್‌ನಲ್ಲಿ ಇರೋದು: ಗ್ಯಾಸ್ ಶೇ. 50 ಹೆಚ್ಚು, ಸ್ಲಡ್ಜ್ ಶೇ. 30 ಕಡಿಮೆ, ಡೋಸ್ ಒಣ ಕೆಜಿಗೆ 3,000 ಕಿಲೋಜೌಲ್.

ಘಟಕದ ಅಂಕಿ ಹೀಗಿದೆ. ಪ್ರೈಮರಿ ಸ್ಲಡ್ಜ್ (ಮೊದಲ ತೊಟ್ಟಿಯಲ್ಲೇ ತಳಕ್ಕೆ ಕೂತದ್ದು) ದಿನಕ್ಕೆ 3,600 ಕೆಜಿ ಒಣ ತೂಕ, ಶೇ. 3 ಗಟ್ಟಿ. ಸೆಕೆಂಡರಿ 2,200 ಕೆಜಿ, ಶೇ. 0.8ರಷ್ಟು ತೆಳು, ಹಾಗೇ ಡೈಜೆಸ್ಟರ್‌ಗೆ ಹೋಗುತ್ತೆ. ಡೈಜೆಸ್ಟರ್ 4,000 ಘನ ಮೀಟರ್, ಕಾಯಿಸೋ ವ್ಯವಸ್ಥೆ ಇಲ್ಲ, ಒಳಗೆ 26 ಡಿಗ್ರಿ ಆಸುಪಾಸು. ಗ್ಯಾಸ್ ಎಂಜಿನ್ ಇದೆ, ವಿದ್ಯುತ್ ದಕ್ಷತೆ ಶೇ. 36.

ಇದು ನಿಜಕ್ಕೂ ಕೆಲಸ ಮಾಡುತ್ತಾ? ಟೆಂಡರ್‌ನಲ್ಲಿ ಏನೇನು ಕೇಳಬೇಕು?

ಮೊನೋ_ಪಂಪ್
3,000 ಕಿಲೋಜೌಲ್ ಅಂದ್ರೆ ಕೆಜಿಗೆ 0.83 ಯೂನಿಟ್. 2,200 ಕೆಜಿಗೆ ದಿನಕ್ಕೆ 1,830 ಯೂನಿಟ್. ಬಿಲ್ ಯಾರು ಕಟ್ಟೋದು, ಬ್ರೋಷರ್ ಬರೆದವನಾ?

ತರಂಗ
ತಂತ್ರಜ್ಞಾನವನ್ನೇ ಬೈಯೋದು ಬೇಡ, ಬೈಯಬೇಕಾದ್ದು ಆ ಡೋಸನ್ನು. 3,000 ಅನ್ನೋದು ಲ್ಯಾಬ್ ಅಂಕಿ, ಪೂರ್ಣ ಪ್ರಮಾಣದ ಘಟಕದಲ್ಲಿ ಯಾರೂ ಅಷ್ಟು ಕೊಡಲ್ಲ.

ಒಳಗೆ ಏನಾಗುತ್ತೆ ಅಂದ್ರೆ, ತರಂಗದ ಋಣ ಒತ್ತಡದ ಅರ್ಧದಲ್ಲಿ ನೀರು ಬಿರಿದು ಗುಳ್ಳೆ ಹುಟ್ಟುತ್ತೆ, ತರಂಗದ ಕೆಲವು ಸುತ್ತು ಬೆಳೆದು ಒಮ್ಮೆಲೇ ಕುಸಿಯುತ್ತೆ. ಕುಸಿದ ಜಾಗದಲ್ಲಿ ಕ್ಷಣಮಾತ್ರ ಸುಮಾರು 5,000 ಕೆಲ್ವಿನ್ ಶಾಖ, ನೂರಾರು ವಾತಾವರಣದ ಒತ್ತಡ. ಆದರೆ ಸ್ಲಡ್ಜ್ ಒಡೆಯೋದು ಆ ಶಾಖದಿಂದ ಅಲ್ಲ. ಗುಳ್ಳೆ ಕುಸಿದಾಗ ಚಿಮ್ಮುವ ನೀರಿನ ಸೆಳೆತ ಕೋಶದ ಗೋಡೆ ಹರಿಯುತ್ತೆ. ಅದಕ್ಕೇ ಕಡಿಮೆ ಆವರ್ತನ ಬೇಕು. 20 ಕಿಲೋಹರ್ಟ್ಸ್‌ಗೆ ಅನುರಣಿಸುವ ಗುಳ್ಳೆಯ ತ್ರಿಜ್ಯ ಸುಮಾರು 0.16 ಮಿಮೀ, 1 ಮೆಗಾಹರ್ಟ್ಸ್‌ಗೆ ಬರೀ 0.003 ಮಿಮೀ. ಗುಳ್ಳೆ ದೊಡ್ಡದಾದಷ್ಟೂ ಹೊಡೆತ ಜೋರು.

ಕಡಿಮೆ ಡೋಸ್‌ನಲ್ಲಿ ಫ್ಲಾಕ್ (ಬ್ಯಾಕ್ಟೀರಿಯಾ ಅಂಟಿಕೊಂಡ ಗುಪ್ಪೆ) ಮಾತ್ರ ಬಿಚ್ಚಿಕೊಳ್ಳುತ್ತೆ. ಕೋಶ ಗಣನೀಯವಾಗಿ ಒಡೆಯೋಕೆ ಸಾವಿರ ಕಿಲೋಜೌಲ್‌ನ ಮೇಲಕ್ಕೆ ಹೋಗಬೇಕು. ಆದರೂ ಫ್ಲಾಕ್ ಬಿಚ್ಚಿದರೇ ಕಿಣ್ವಕ್ಕೆ ತಾಗುವ ಮೈ ಹೆಚ್ಚಾಗಿ ಡೈಜೆಸ್ಟರ್‌ನ ಮೊದಲ ಹಂತ ಚುರುಕಾಗುತ್ತೆ. ನಿಜವಾದ ಲಾಭ ಅಲ್ಲಿದೆ.

ಬೀಕರ್‌ಬಾಯಿ
ಲ್ಯಾಬ್ ಅಂಕಿ ಯಾಕೆ ಅಷ್ಟು ದೊಡ್ಡದು ಅಂತ ಗೊತ್ತಾಗಬೇಕಾದ್ರೆ ಬೀಕರ್ ನೋಡಿ. 200 ಮಿಲೀ ಸ್ಲಡ್ಜ್, ಶೇ. 2 ಗಟ್ಟಿ, ಅಂದ್ರೆ 4 ಗ್ರಾಂ ಒಣ ಪದಾರ್ಥ. ಅದಕ್ಕೆ 200 ವ್ಯಾಟ್ ಪ್ರೋಬ್ ಅದ್ದಿ ಒಂದು ನಿಮಿಷ ಬಿಟ್ಟರೆ 12 ಕಿಲೋಜೌಲ್. ಭಾಗಿಸಿ: ಕೆಜಿಗೆ 3,000. ಐದು ನಿಮಿಷ ಮರೆತು ಟೀ ಕುಡಿಯೋಕೆ ಹೋದ್ರೆ 15,000!

ಆ ಒಂದು ನಿಮಿಷಕ್ಕೇ ಬೀಕರ್ ಸುಮಾರು 14 ಡಿಗ್ರಿ ಬಿಸಿಯಾಗುತ್ತೆ. ಐಸ್ ನೀರಲ್ಲಿ ಇಡದೆ ಜಾಸ್ತಿ ಹೊತ್ತು ಓಡಿಸಿದ ಪ್ರಯೋಗದಲ್ಲಿ ಬಂದ ಲಾಭ ಶಬ್ದದ್ದೋ ಬಿಸಿಯದ್ದೋ ಹೇಳೋಕೆ ಆಗಲ್ಲ. ವರದಿಯಲ್ಲಿ ತಾಪಮಾನದ ಕಾಲಂ ಇಲ್ಲ ಅಂದ್ರೆ ಪಕ್ಕಕ್ಕಿಡಿ.

ಯೂನಿಟ್_ಲೆಕ್ಕ
ಸರಿ, ಘಟಕಕ್ಕೆ ಸಲ್ಲುವ ಡೋಸ್ ಹಿಡಿದು ಲೆಕ್ಕ ಹಾಕೋಣ, ಕೆಜಿಗೆ 300 ಕಿಲೋಜೌಲ್.

ಖರ್ಚು: 2,200 × 300 ÷ 3,600 = ದಿನಕ್ಕೆ 183 ಯೂನಿಟ್.

ಆದಾಯ: ಸೆಕೆಂಡರಿ ಸ್ಲಡ್ಜ್‌ನಲ್ಲಿ ವೊಲಟೈಲ್ (ಸಾವಯವ) ಭಾಗ ಶೇ. 65 ಅಂದ್ರೆ 1,430 ಕೆಜಿ. ಈಗ ಅದರಲ್ಲಿ ಶೇ. 35 ಕರಗುತ್ತೆ, ಅಲ್ಟ್ರಾಸೌಂಡ್‌ನಿಂದ 43 ಆಗುತ್ತೆ ಅಂತ ಉದಾರವಾಗಿ ಒಪ್ಪಿಕೊಳ್ಳೋಣ. ಹೆಚ್ಚುವರಿ 114 ಕೆಜಿ. ಕೆಜಿಗೆ 0.95 ಘನ ಮೀಟರ್ ಬಯೋಗ್ಯಾಸ್, ಮೀಥೇನ್ ಶೇ. 60, ಘನ ಮೀಟರ್ ಮೀಥೇನ್‌ಗೆ 10 ಯೂನಿಟ್ ಶಾಖ, ಎಂಜಿನ್ ಶೇ. 36. ಎಲ್ಲ ಗುಣಿಸಿದರೆ ಸುಮಾರು 235 ಯೂನಿಟ್.

ಉಳಿತಾಯ ದಿನಕ್ಕೆ 50 ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ 7 ರೂಪಾಯಿ ಅಂತ ಹಿಡಿದ್ರೂ 350 ರೂಪಾಯಿ. ಇದೇ ಲೆಕ್ಕವನ್ನು 3,000ಕ್ಕೆ ಹಾಕಿದ್ರೆ ದಿನಕ್ಕೆ ಸುಮಾರು 1,600 ಯೂನಿಟ್ ಲುಕ್ಸಾನು.

ಇನ್ನೊಂದು ಮಾತು. ಆ 114 ಕೆಜಿಯಿಂದ ಬರುವ ಹೆಚ್ಚುವರಿ ಗ್ಯಾಸ್ ಸುಮಾರು 109 ಘನ ಮೀಟರ್. ಸೆಕೆಂಡರಿ ಸ್ಲಡ್ಜ್ ಒಂದನ್ನೇ ನೋಡಿದರೆ ಅದು ಶೇ. 23 ಏರಿಕೆ. ಆದರೆ ಘಟಕದ ಬಹುಪಾಲು ಗ್ಯಾಸ್ ಕೊಡೋದು ಪ್ರೈಮರಿ ಸ್ಲಡ್ಜ್. ಒಟ್ಟು 1,800 ಘನ ಮೀಟರ್ ಎದುರು ಅದು ಬರೀ ಶೇ. 6. ತೇವದ ಗ್ಯಾಸ್ ಅಳೆಯೋ ಮೀಟರಿನ ತಪ್ಪೇ ಅಷ್ಟಿರುತ್ತೆ.

ತರಂಗ
> ದಿನಕ್ಕೆ 50 ಯೂನಿಟ್ ಚಿಲ್ಲರೆ

ಸ್ಲಡ್ಜ್ ಸಾಗಣೆ ಬಿಟ್ಟಿರಿ. 114 ಕೆಜಿ ಒಣ ತೂಕ ಅಂದ್ರೆ ಶೇ. 22 ಗಟ್ಟಿಯ ಕೇಕ್ (ನೀರು ಹಿಂಡಿದ ಸ್ಲಡ್ಜ್) ಲೆಕ್ಕದಲ್ಲಿ ಅರ್ಧ ಟನ್ ಲಾರಿಗೆ ಏರೋದು ತಪ್ಪುತ್ತೆ.

ಯೂನಿಟ್_ಲೆಕ್ಕ
ಒಪ್ಪಿದೆ. ಆದರೆ ಒಟ್ಟು ಕೇಕ್ ದಿನಕ್ಕೆ 17-18 ಟನ್. ಅದರಲ್ಲಿ ಅರ್ಧ ಟನ್ ಅಂದ್ರೆ ಶೇ. 3. ಬ್ರೋಷರ್ ಹೇಳಿದ 30ರಲ್ಲಿ ಒಂದು ಸೊನ್ನೆ ಜಾಸ್ತಿ.

ಹುಬ್ಬಳ್ಳಿ_ಥಿಕನರ್
ನೋಡ್ರಿ, ಎಲ್ಲಾರೂ ಜೌಲ್ ಎಣಿಸಾಕ ಹತ್ತೀರಿ. 0.8 ಪರ್ಸೆಂಟ್ ಸ್ಲಡ್ಜ್ ಹಾಂಗ ಡೈಜೆಸ್ಟರಿಗೆ ಹೊಂಟೈತಿ, ಅದು ಯಾರ ಕಣ್ಣಿಗೂ ಬಿದ್ದಿಲ್ಲೇನ್ರಿ?

ಪ್ರೈಮರಿ 120 ಘನ ಮೀಟರ್, ಸೆಕೆಂಡರಿ 275. ಒಟ್ಟು 395. 4,000ಕ್ಕ ಭಾಗ ಹಾಕಿದ್ರ ಹತ್ತ ದಿನ. 26 ಡಿಗ್ರಿಯೊಳಗ ಹತ್ತ ದಿನಕ್ಕ ಏನ್ ಜೀರ್ಣ ಆಗತೈತಿ? ಮೀಥೇನ್ ಮಾಡೋ ಜೀವಿ ಬೆಳೆಯೋದಕ್ಕಿಂತ ಜೋರಾಗಿ ತೊಳಕೊಂಡು ಹೊರಗ ಹೋಗತಾವ.

ಸೆಕೆಂಡರಿ ಸ್ಲಡ್ಜಿಗೆ ಬೆಲ್ಟ್ ಥಿಕನರ್ ಇಲ್ಲಾ ಸೆಂಟ್ರಿಫ್ಯೂಜ್ ಹಾಕಿ 5 ಪರ್ಸೆಂಟ್ ಮಾಡ್ರಿ. 275 ಹೋಗಿ 44 ಆಗತೈತಿ. ಒಟ್ಟು 164, ಡೈಜೆಸ್ಟರಿನ್ಯಾಗ 24 ದಿನ ಸಿಗತಾವ. ಒಂದ ಥಿಕನರಿಗೆ ಹದಿನಾಲ್ಕ ದಿನ ಗಳಿಕಿ.

ಕಾಯ್ಸೋದೂ ಅದಕ್ಕ ಕೂಡತೈತಿ. 26ರಿಂದ 37ಕ್ಕ ಏರಿಸಾಕ 395 ಘನ ಮೀಟರಿಗೆ ದಿನಕ್ಕ 5,000 ಯೂನಿಟ್ ಶಾಖ ಬೇಕು, 164ಕ್ಕ 2,100 ಸಾಕು. ಎಂಜಿನ್ನಿನ ಜಾಕೆಟ್ ನೀರು, ಹೊಗಿ ಎರಡೂ ಕೂಡಿಸಿದ್ರ 4,300 ಸಿಗತೈತಿ. ತೆಳು ಸ್ಲಡ್ಜಿಗೆ ಸಾಲೂದಿಲ್ಲ, ಗಟ್ಟಿ ಮಾಡಿದ್ರ ಗೋಡಿಯಿಂದ ಹೋಗೋ ಶಾಖ ಕಳದೂ ಉಳೀತೈತಿ.

ಮೊನೋ_ಪಂಪ್
👆 ಇದಕ್ಕೆ ಕೈ ಮುಗಿದೆ. ಚರ್ಚೆ ಇಲ್ಲಿಗೇ ಮುಗೀಬೇಕಿತ್ತು.

ತರಂಗ
ಮುಗಿಯಲ್ಲ. ಥಿಕನರ್ ಬೇಕು ಅನ್ನೋದು ಅಲ್ಟ್ರಾಸೌಂಡ್‌ಗೂ ಸತ್ಯ. 5 ಕಿಲೋವ್ಯಾಟ್ ರಿಯಾಕ್ಟರ್ ಒಂದು ದಿನಕ್ಕೆ 30 ಘನ ಮೀಟರ್ ತಗೊಳ್ಳುತ್ತೆ ಅಂತಿಟ್ಟುಕೊಳ್ಳಿ, ಘನ ಮೀಟರಿಗೆ 4 ಯೂನಿಟ್. ಶೇ. 5 ಸ್ಲಡ್ಜ್‌ಗೆ ಅದು ಕೆಜಿಗೆ 288 ಕಿಲೋಜೌಲ್. ಅದೇ ಶೇ. 0.8ಕ್ಕೆ ಬಿಟ್ಟರೆ ರಿಯಾಕ್ಟರ್ ಒಂಬತ್ತು ಬೇಕು, ಮುಕ್ಕಾಲು ಪಾಲು ಶಕ್ತಿ ನೀರು ಕುಲುಕೋಕೇ ಹೋಗುತ್ತೆ. ಹಾಗಂತ 7-8ಕ್ಕೆ ಏರಿಸೋದೂ ತಪ್ಪು. ಸ್ಲಡ್ಜ್ ಅಂಬಲಿ ಥರ ಆಗಿ ತರಂಗ ಸೋನೋಟ್ರೋಡ್‌ನ, ಅಂದ್ರೆ ಕಂಪಿಸುವ ಲೋಹದ ಕೋಲಿನ, ತುದಿಯಲ್ಲೇ ಸಾಯುತ್ತೆ.

ಡಿಎಎಫ್‌ನಲ್ಲಿ (ಒತ್ತಡದಲ್ಲಿ ಕರಗಿಸಿದ ಗಾಳಿಯ ಗುಳ್ಳೆ ಬಿಟ್ಟು) ತೇಲಿಸಿ ಗಟ್ಟಿ ಮಾಡಿದ ಸ್ಲಡ್ಜನ್ನು ನೇರ ಕೊಡಬೇಡಿ. ಅದರಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ ಸ್ಪಂಜಿನಂತೆ ಶಬ್ದ ಹೀರುತ್ತೆ. ವ್ಯಾಟ್‌ಮೀಟರ್ ಪೂರ್ತಿ ತೋರಿಸುತ್ತೆ, ಸ್ಲಡ್ಜ್ ಹಾಗೇ ಬರುತ್ತೆ.

ಓದಿದ್ದು_ಹೇಳ್ತೀನಿ
ಹ್ಯಾಂಬುರ್ಗ್‌ನ ತಾಂತ್ರಿಕ ವಿಶ್ವವಿದ್ಯಾಲಯದ 1997ರ ಪ್ರಯೋಗವನ್ನು ಎಲ್ಲ ಮಾರಾಟಗಾರರೂ ತೋರಿಸ್ತಾರೆ. 31 ಕಿಲೋಹರ್ಟ್ಸ್, 3.6 ಕಿಲೋವ್ಯಾಟ್, 64 ಸೆಕೆಂಡ್. ಆದರೆ ಅದರ ಅಂಕಿ ಸರಿಯಾಗಿ ಓದಿದವರು ಕಮ್ಮಿ.

22 ದಿನದ ಡೈಜೆಸ್ಟರ್‌ನಲ್ಲಿ ಶಬ್ದ ಹಾಯಿಸದ ಸ್ಲಡ್ಜ್‌ನ ವೊಲಟೈಲ್ ಶೇ. 45.8 ಕರಗಿತು, ಹಾಯಿಸಿದ್ದು ಶೇ. 50.3. ಅಂತರ ನಾಲ್ಕೂವರೆ ಅಂಶ, ಅಷ್ಟೇ. ಗಮ್ಮತ್ತು ಇರೋದು ಇನ್ನೊಂದು ಸಾಲಿನಲ್ಲಿ. ಹಾಯಿಸಿದ ಸ್ಲಡ್ಜನ್ನು ಬರೀ 8 ದಿನ ಇಟ್ಟರೂ ಶೇ. 44.3 ಕರಗಿತ್ತು. 22 ದಿನದ ಕೆಲಸ ಹೆಚ್ಚುಕಮ್ಮಿ 8 ದಿನಕ್ಕೆ ಆಯ್ತು.

ಅಂದ್ರೆ ಇದು ಮುಖ್ಯವಾಗಿ ವೇಗ ಹೆಚ್ಚಿಸುವ ಯಂತ್ರ. ಇಳುವರಿ ಹೆಚ್ಚೋದು ಸ್ವಲ್ಪವೇ. ಡೈಜೆಸ್ಟರ್ ಜಾಗ ಸಾಲದೆ ಒದ್ದಾಡೋ ಕಡೆ ಚಿನ್ನ, ಜಾಗ ಧಾರಾಳವಾಗಿರೋ ಕಡೆ ದುಬಾರಿ ಅಲಂಕಾರ. ಬವೇರಿಯಾದ ಬಾಂಬರ್ಗ್ ಘಟಕದಲ್ಲಿ ಇದನ್ನು ಹಾಕಿದ್ದೂ ಇನ್ನೊಂದು ಡೈಜೆಸ್ಟರ್ ಕಟ್ಟೋದು ತಪ್ಪಿಸೋಕೆ.

ಯೂನಿಟ್_ಲೆಕ್ಕ
ಹಾಗಾದ್ರೆ ನನ್ನ ಲೆಕ್ಕ ತಿದ್ದಬೇಕು. ಥಿಕನರ್ ಹಾಕಿ 24 ದಿನ ಬಂದ ಮೇಲೆ 8 ಅಂಶದ ಏರಿಕೆ ಸಿಗಲ್ಲ. 4.5 ಹಿಡಿದ್ರೆ ಆದಾಯ 132 ಯೂನಿಟ್, ಖರ್ಚು ಅದೇ 183. ಲಾಭ ಹೋಗಿ 50 ಯೂನಿಟ್ ನಷ್ಟ.

ತರಂಗ
ಬೇರೆ ಸ್ಲಡ್ಜ್‌ನ ಅಂಕಿಯನ್ನು ಹಾಗೇ ಎತ್ತಿ ತಂದು ಹಾಕಬೇಡಿ ಸಾರ್. ಸ್ಲಡ್ಜ್ ಏಜ್, ಅಂದ್ರೆ ಗಾಳಿ ತೊಟ್ಟಿಯಲ್ಲಿ ಇದ್ದ ದಿನ, ಎಷ್ಟು ಅನ್ನೋದರ ಮೇಲೆ ಹೋಗುತ್ತೆ. 5 ದಿನದ ಎಳೇ ಸ್ಲಡ್ಜ್ ಹೇಗೂ ಕರಗುತ್ತೆ, 20 ದಿನದ ಹಳೇದಕ್ಕೆ ಅಲ್ಟ್ರಾಸೌಂಡ್‌ನ ಅಂತರ ಜಾಸ್ತಿ ಕಾಣುತ್ತೆ.

ಯೂನಿಟ್_ಲೆಕ್ಕ
ಜಾಸ್ತಿ ಕಾಣೋದು ಶೇಕಡಾವಾರಿನಲ್ಲಿ. 20 ದಿನದ ಸ್ಲಡ್ಜ್‌ನಲ್ಲಿ ಕರಗೋ ಸರಕು ಗಾಳಿ ತೊಟ್ಟಿಯಲ್ಲೇ ಬ್ಲೋವರ್ ಕರೆಂಟ್ ತಿಂದು ಖಾಲಿಯಾಗಿರುತ್ತೆ. ಹತ್ತು ಇದ್ದದ್ದು ಹದಿನೈದಾದ್ರೆ ಶೇ. 50 ಏರಿಕೆ, ಆದರೂ ಸಿಕ್ಕಿದ್ದು ಐದೇ.

ಕುಡ್ಲ_ಫಿಟ್ಟರ್
ಲೆಕ್ಕ ಸರಿ ಉಂಟು ಮಾರಾಯ್ರೆ, ಆದ್ರೆ ಯಂತ್ರ ಹಾಳಾಗುವುದು ಹೇಗೆ ಅಂತ ಯಾರೂ ಬರೀಲಿಲ್ಲ.

ಒಂದನೆಯದು ಕೂದಲು. ಸೋನೋಟ್ರೋಡಿಗೆ ಕೂದಲು, ಬಟ್ಟೆ ನೂಲು ಸುತ್ತಿಕೊಂಡು ಜಡೆ ಆಗ್ತದೆ. ಮುಂದೆ ಮೆಸರೇಟರ್ (ಕತ್ತರಿಸುವ ಯಂತ್ರ) ಇಲ್ಲದಿದ್ರೆ ಹಾಕುವುದೇ ಬೇಡ. ಕ್ರಮ ಹೀಗಿರ್ಬೇಕು: ಥಿಕನರ್, ಮೆಸರೇಟರ್, ಮೊನೋ ಪಂಪ್, ರಿಯಾಕ್ಟರ್, ಡೈಜೆಸ್ಟರ್. ರಿಯಾಕ್ಟರಿಗೆ ಬೈಪಾಸ್ ಲೈನ್ ಕಡ್ಡಾಯ.

ಎರಡು, ತುದಿ ಸವೆತ. ಟೈಟಾನಿಯಂ ಮಿಶ್ರಲೋಹ ಆದ್ರೂ ಗುಳ್ಳೆ ಅದನ್ನೂ ಕಚ್ಚುತ್ತದೆ. ಮೊದಲು ತುದಿ ಮಸುಕಾಗ್ತದೆ, ಆಮೇಲೆ ಸಣ್ಣ ಸಣ್ಣ ಗುಳಿ, ಕೊನೆಗೆ ಸಿಡುಬಿನ ಕಲೆ ಹಾಗೆ. ಮರಳು ಬಂದ್ರೆ ಇನ್ನೂ ಬೇಗ. ಕೆಲವರು ಲೇಥಿಗೆ ಹಾಕಿ ತುದಿ ನುಣುಪು ಮಾಡಿ ಮತ್ತೆ ಹಾಕ್ತಾರೆ. 20 ಕಿಲೋಹರ್ಟ್ಸಿಗೆ ಟೈಟಾನಿಯಂನಲ್ಲಿ ಅರ್ಧ ತರಂಗದ ಉದ್ದ 12-13 ಸೆಂಮೀ. ಅದರಲ್ಲಿ 2 ಮಿಮೀ ತೆಗೆದ್ರೆ ಅನುರಣನ ನೂರಾರು ಹರ್ಟ್ಸ್ ಮೇಲೆ ಹೋಗ್ತದೆ. ಜನರೇಟರ್ ಸ್ವಲ್ಪ ಅಂತರವನ್ನು ತಾನೇ ಹಿಂಬಾಲಿಸ್ತದೆ, ಆಚೆ ಹೋದ್ರೆ ಟ್ರಿಪ್. ‘ಜನರೇಟರ್ ಹಾಳಾಗಿದೆ’ ಅಂತ ಬದಲಿಸ್ತಾರೆ, ತಪ್ಪು ಸೋನೋಟ್ರೋಡಿನದ್ದು.

ಮೂರು, ಖಾಲಿ ಓಟ. ಪಂಪ್ ನಿಂತು ರಿಯಾಕ್ಟರಿನಲ್ಲಿ ಗಾಳಿ ತುಂಬಿದ್ರೆ ಶಕ್ತಿ ಹೋಗಲಿಕ್ಕೆ ಜಾಗ ಇಲ್ಲ, ಸೆರಾಮಿಕ್ ಬಿಸಿಯಾಗಿ ಬಿರುಕು ಬಿಡ್ತದೆ. ಫ್ಲೋ ಸ್ವಿಚ್ ಇಂಟರ್‌ಲಾಕ್ ಬೇಕೇ ಬೇಕು.

ನಾಲ್ಕು, ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ವಾಸನೆ ಇರುವ ಕೋಣೆಯಲ್ಲಿ ಪ್ಯಾನೆಲ್ ಇಟ್ರೆ ತಾಮ್ರ, ಬೆಳ್ಳಿ ಸಂಪರ್ಕ ಎಲ್ಲ ಕಪ್ಪು. ಜನರೇಟರ್ ಬೇರೆ ಕೋಣೆಯಲ್ಲಿ ಇಡಿ, ಶುದ್ಧ ಗಾಳಿ ಒಳಗೆ ತಳ್ಳಿ. ಆದ್ರೆ ಟ್ರಾನ್ಸ್‌ಡ್ಯೂಸರಿಗೆ ಹೋಗುವ ಕೇಬಲಿಗೆ ಉದ್ದದ ಮಿತಿ ಉಂಟು, ಮೊದಲೇ ಕೇಳಿ.

ಚರಂಡಿ_ಲೆಕ್ಕ
ಸೋನೋಟ್ರೋಡ್ ಎಷ್ಟು ದಿನ ಬಾಳುತ್ತೆ ಅಂತ ಟೆಂಡರ್‌ನಲ್ಲಿ ಹೇಗೆ ಬರೆಸೋದು?

ಕುಡ್ಲ_ಫಿಟ್ಟರ್
ವರ್ಷ ಬರೆಸಬೇಡಿ, ಗಂಟೆ ಬರೆಸಿ. ಅದೂ ಪೂರ್ಣ ಆಂಪ್ಲಿಟ್ಯೂಡಿನಲ್ಲಿ ಓಡಿದ ಗಂಟೆ. ಆಂಪ್ಲಿಟ್ಯೂಡ್ ಇಳಿಸಿ ಓಡಿಸಿದ್ರೆ ತುದಿ ಬಾಳ್ತದೆ, ಸ್ಲಡ್ಜ್ ಒಡೆಯುವುದಿಲ್ಲ. ಆಮೇಲೆ ‘ನಮ್ಮ ತುದಿ ಇನ್ನೂ ಗಟ್ಟಿ’ ಅಂತಾರೆ.

ಬ್ಲಾಕ್_ಸಿ_ಸಮಿತಿ
ಬೆಂಗಳೂರಿನ ಅಪಾರ್ಟ್‌ಮೆಂಟ್ ಎಸ್‌ಟಿಪಿಗೆ, ದಿನಕ್ಕೆ ಒಂದೂವರೆ ಲಕ್ಷ ಲೀಟರಿನದ್ದು (150 ಕೆಎಲ್‌ಡಿ), ಇದನ್ನು ಹಾಕಬಹುದಾ? ಫಿಲ್ಟರ್ ಪ್ರೆಸ್ ಕೇಕ್ ಸಾಗಿಸೋಕೆ ಯಾರೂ ಬರ್ತಿಲ್ಲ.

ಮೊನೋ_ಪಂಪ್
ಬೇಡ.

ಓದಿದ್ದು_ಹೇಳ್ತೀನಿ
ಒಂದು ಪದದಲ್ಲಿ ಅಷ್ಟೇ, ಆದರೂ ಕಾರಣ ಹೇಳಬೇಕು. ನಿಮ್ಮಲ್ಲಿ ಡೈಜೆಸ್ಟರೇ ಇಲ್ಲ. ಎಕ್ಸ್‌ಟೆಂಡೆಡ್ ಏರೇಶನ್ (ಹೆಚ್ಚು ಹೊತ್ತು ಗಾಳಿ ಊದೋದು) ಆಗಲಿ ಎಂಬಿಆರ್ (ಪೊರೆಯಲ್ಲಿ ಸೋಸೋದು) ಆಗಲಿ, ಒಡೆದ ಕೋಶದ ರಸ ಗಾಳಿ ತೊಟ್ಟಿಗೇ ವಾಪಸ್ ಹೋಗುತ್ತೆ, ಅದನ್ನು ಕರಗಿಸೋಕೆ ಬ್ಲೋವರ್ ಇನ್ನಷ್ಟು ಓಡಬೇಕು. ಕೇಕ್ ಸ್ವಲ್ಪ ಕಮ್ಮಿಯಾದರೂ ಕರೆಂಟ್ ಎರಡು ಕಡೆ ಏರುತ್ತೆ. ಕೋಶದೊಳಗಿನ ರಂಜಕ, ಅಮೋನಿಯಾ ಕೂಡ ನೀರಿಗೆ ಬರುತ್ತೆ. ಮೊದಲು ಎಂಎಲ್‌ಎಸ್‌ಎಸ್ (ಗಾಳಿ ತೊಟ್ಟಿಯ ಸ್ಲಡ್ಜ್ ಸಾಂದ್ರತೆ) ಎಷ್ಟಿದೆ, ಪ್ರೆಸ್‌ಗೆ ಪಾಲಿ (ಕಣ ಕೂಡಿಸಿ ನೀರು ಬಿಡಿಸೋ ಪಾಲಿಮರ್) ಸರಿಯಾಗಿ ಬೀಳ್ತಿದೆಯಾ ನೋಡಿ.

ಟ್ಯಾಂಕ್_ಮೇಲೆ
ನಮ್ಮ ಸಂಪ್ ಮೇಲೆ ಅಲ್ಟ್ರಾಸೌಂಡ್ ಇದೆಯಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಬೀಕರ್‌ಬಾಯಿ
ಅದು ಲೆವೆಲ್ ಸೆನ್ಸರ್, ಮೇಲಿಂದ ಶಬ್ದ ಕಳಿಸಿ ಪ್ರತಿಧ್ವನಿ ಬರೋ ಹೊತ್ತು ಅಳೆಯೋದು. ಇದು ನೀರೊಳಗೇ ಸುತ್ತಿಗೆ. ಹೆಸರು ಒಂದೇ, ಉದ್ಯೋಗ ಬೇರೆ.

ಟ್ಯಾಂಕ್_ಮೇಲೆ
ಆ ಸೆನ್ಸರ್ ಸುಮ್ಮಸುಮ್ನೆ ‘ತೊಟ್ಟಿ ತುಂಬಿದೆ’ ಅನ್ನುತ್ತೆ, ಅದಕ್ಕೇನಾದ್ರೂ ಮದ್ದು ಇದೆಯಾ?

ಕುಡ್ಲ_ಫಿಟ್ಟರ್
ನೊರೆ ಇರ್ಬೇಕು, ಇಲ್ಲಾಂದ್ರೆ ಏಣಿ ಅಥವಾ ಪೈಪ್ ಅದರ ಕೋನದೊಳಗೆ ಬರ್ತದೆ. ಸೆನ್ಸರ್ ಮುಖದ ಮೇಲೆ ನೀರಹನಿ ಕೂತ್ರೂ ಹಾಗೇ. ಒರೆಸಿ ನೋಡಿ, ಸರಿಯಾಗದಿದ್ರೆ ರೇಡಾರ್ ಹಾಕಿ. ಬೇರೆ ಥ್ರೆಡ್ ತೆರೀರಿ ಮಾರಾಯ್ರೆ.

ಪಾಲಿ_ಡೋಸರ್
ಯಾರೂ ಮುಟ್ಟದ ವಿಷಯ, ಡೀವಾಟರಿಂಗ್. ಫ್ಲಾಕ್ ಪುಡಿಯಾದ್ರೆ ಸಣ್ಣ ಕಣ ಜಾಸ್ತಿ, ಲೋಳೆ ಬಿಡುಗಡೆ, ಸ್ಲಡ್ಜ್ ನೀರು ಬಿಡಲ್ಲ. ಸಿಎಸ್‌ಟಿ ಪರೀಕ್ಷೆಯಲ್ಲಿ (ಸ್ಲಡ್ಜ್‌ನ ನೀರನ್ನು ಕಾಗದ ಹೀರೋಕೆ ಎಷ್ಟು ಹೊತ್ತು ಅನ್ನೋದು) ಸೆಕೆಂಡ್ ಏರುತ್ತಾ ಹೋಗುತ್ತೆ. ಪಾಲಿ ಖರ್ಚು ಹೆಚ್ಚಾದ್ರೆ ಗ್ಯಾಸ್‌ನಲ್ಲಿ ಬಂದದ್ದು ಅಲ್ಲಿಗೇ ಹೋಯ್ತು.

ತರಂಗ
ರಿಯಾಕ್ಟರ್‌ನಿಂದ ಹೊರಬಂದ ತಕ್ಷಣ ಅಳೆದರೆ ಹಾಗೇ. ಆದರೆ ಅದು ನೇರ ಪ್ರೆಸ್‌ಗೆ ಹೋಗಲ್ಲ, ನಡುವೆ ಡೈಜೆಸ್ಟರ್ ಇದೆ. ಆ ಲೋಳೆ ಅಲ್ಲಿ ಜೀರ್ಣವಾಗುತ್ತೆ. ಹೋಲಿಸಬೇಕಾದ್ದು ಡೈಜೆಸ್ಟರ್ ನಂತರದ ಸ್ಲಡ್ಜ್.

ಪಾಲಿ_ಡೋಸರ್
ಹೋಲಿಸಿ, ಆದರೆ ಗ್ಯಾರಂಟಿ ಬರೆಸಿ: ಟನ್ ಒಣ ಸ್ಲಡ್ಜ್‌ಗೆ ಎಷ್ಟು ಕೆಜಿ ಪಾಲಿ, ಕೇಕ್ ಎಷ್ಟು ಗಟ್ಟಿ. ಸೆಂಟ್ರೇಟ್‌ನಲ್ಲಿ, ಅಂದ್ರೆ ಹಿಂಡಿ ತೆಗೆದ ನೀರಲ್ಲಿ, ಅಮೋನಿಯಾ ಏರುತ್ತೆ, ಅದೂ ಇನ್‌ಲೆಟ್‌ಗೇ ಸುತ್ತಿ ಬರೋದು.

ಹೊಲದ_ಬದು
ಈ ಸ್ಲಡ್ಜ್ ಹೊಲಕ್ಕೆ ಹಾಕಬಹುದಾ? ಹುಳುವಿನ ಮೊಟ್ಟೆ ಸಾಯುತ್ತಾ?

ಓದಿದ್ದು_ಹೇಳ್ತೀನಿ
300 ಕಿಲೋಜೌಲ್‌ಗೆ ಜಂತುಹುಳದ ಮೊಟ್ಟೆಯ ಚಿಪ್ಪು ಜಗ್ಗಲ್ಲ. ಅದಕ್ಕೆ ಬಿಸಿ ಬೇಕು. ನಾರ್ವೆಯಲ್ಲಿ 1990ರ ದಶಕದಲ್ಲಿ ಶುರುವಾದ ಥರ್ಮಲ್ ಹೈಡ್ರಾಲಿಸಿಸ್‌ನಲ್ಲಿ 165 ಡಿಗ್ರಿ, ಸುಮಾರು 6 ಬಾರ್, ಅರ್ಧ ಗಂಟೆ. ಅಲ್ಲಿ ಯಾವುದೂ ಉಳಿಯಲ್ಲ. ಇಲ್ಲಾಂದ್ರೆ ಸರಿಯಾಗಿ ಕಾಂಪೋಸ್ಟ್ ಮಾಡಿ. ಭಾರ ಲೋಹವನ್ನಂತೂ ಯಾವ ಶಬ್ದವೂ ಓಡಿಸಲ್ಲ. ನಗರ ಕಾಂಪೋಸ್ಟ್‌ಗೆ ಎಫ್‌ಸಿಒ (ರಸಗೊಬ್ಬರ ನಿಯಂತ್ರಣ ಆದೇಶ) ಮಿತಿ ಕೆಜಿಗೆ ಕ್ಯಾಡ್ಮಿಯಂ 5 ಮಿಗ್ರಾಂ, ಸೀಸ 100, ಕ್ರೋಮಿಯಂ 50. ಪರೀಕ್ಷೆ ಮಾಡಿಸದೆ ಬದನೆ, ಸೊಪ್ಪಿಗೆ ಸುರಿಯಬೇಡಿ.

ರೈನ್_ದಂಡೆ
ಜರ್ಮನಿಯಲ್ಲಿ ಅಲ್ಟ್ರಾಸೌಂಡ್ ಯಾಕೆ ಓಡುತ್ತೆ ಅನ್ನೋದೂ ಸ್ಲಡ್ಜ್ ವಿಲೇವಾರಿಯಲ್ಲೇ ಇದೆ. ಇಲ್ಲಿ ದೊಡ್ಡ ಘಟಕಗಳ ಸ್ಲಡ್ಜ್ ಬಹುಪಾಲು ಸುಡೋಕೆ ಹೋಗುತ್ತೆ, ಟನ್‌ಗೆ ದುಬಾರಿ. 2017ರ ನಿಯಮದ ಪ್ರಕಾರ ಒಂದು ಲಕ್ಷ ಜನರ ಕೊಳಚೆಗೆ ಸಮನಾದ ಹೊರೆಗಿಂತ ದೊಡ್ಡ ಘಟಕಗಳು 2029ರಿಂದ ರಂಜಕವನ್ನೂ ವಾಪಸ್ ತೆಗೆಯಬೇಕು. ಕೇಕ್‌ನ ಪ್ರತಿ ಟನ್‌ಗೂ ಬೆಲೆ ಇರುವಾಗ ಶೇ. 3 ಉಳಿದರೂ ಲಾಭ. ರೈತರು ಟ್ರ್ಯಾಕ್ಟರ್ ತಂದು ಒಯ್ಯೋ ಕಡೆ ಆ ಲೆಕ್ಕ ನಡೆಯಲ್ಲ.

ಹುಬ್ಬಳ್ಳಿ_ಥಿಕನರ್
ಇನ್ನೊಂದ ಮಾತ್ರಿ. ಡೈಜೆಸ್ಟರಿನ ತಳಕ್ಕ ಮರಳು ಎಷ್ಟ ಕೂತೈತಿ ನೋಡೀರೇನು? ಗ್ರಿಟ್ ಚೇಂಬರ್ ಸರಿ ಇರಲಿಲ್ಲಂದ್ರ 4,000ದಾಗ ಸಾವಿರ ಮರಳ ಇದ್ರೂ ಇರಬಹುದು. ಲಿಥಿಯಂ ಕ್ಲೋರೈಡ್ ಹಾಕಿ ಟ್ರೇಸರ್ ಟೆಸ್ಟ್ ಮಾಡಿಸ್ರಿ. 24 ದಿನ ಅಂತ ತಿಳಕೊಂಡಿದ್ದು 18 ಬಂದ್ರ ಮೊದ್ಲ ಮರಳು ತಗಿಸ್ರಿ.

ಚರಂಡಿ_ಲೆಕ್ಕ
ಎಲ್ಲರಿಗೂ ಧನ್ಯವಾದ. ಥಿಕನರ್ ಮತ್ತು ಜಾಕೆಟ್ ನೀರಿನ ಎಕ್ಸ್‌ಚೇಂಜರ್ ಮೊದಲು ಅಂತ ಬರೀತೀನಿ. ಆದರೂ ಮಾರಾಟಗಾರರು ಉಚಿತವಾಗಿ ಪರೀಕ್ಷೆ ಮಾಡಿ ತೋರಿಸ್ತೀವಿ ಅಂತಿದ್ದಾರೆ. ಪರೀಕ್ಷೆ ಹೇಗೆ ಇರಬೇಕು?

ಬೀಕರ್‌ಬಾಯಿ
ಅವರು ಬರೀ ಕರಗಿದ ಸಿಒಡಿ (ಸಾವಯವ ಪದಾರ್ಥದ ಅಳತೆ) ತೋರಿಸ್ತಾರೆ, ‘ಹತ್ತು ಪಟ್ಟು ಏರಿತು’ ಅಂತ. ಲೀಟರಿಗೆ 100 ಮಿಗ್ರಾಂ ಇದ್ದದ್ದು 1,000 ಆದ್ರೆ ಹತ್ತು ಪಟ್ಟೇ, ಆದರೆ ಒಟ್ಟು ಸಿಒಡಿ 50,000 ಇದ್ದಾಗ ಅದು ಶೇ. 2. ಕೇಳಬೇಕಾದ್ದು ಒಡೆತದ ಪ್ರಮಾಣ: ಶಬ್ದದಿಂದ ಕರಗಿದ್ದನ್ನು, ಅದೇ ಸ್ಲಡ್ಜನ್ನು 0.5 ಮೋಲಾರ್ ಕಾಸ್ಟಿಕ್ ಸೋಡಾದಲ್ಲಿ 20 ಡಿಗ್ರಿಗೆ 22 ಗಂಟೆ ಇಟ್ಟಾಗ ಕರಗಿದ್ದರಿಂದ ಭಾಗಿಸಬೇಕು. ಎರಡರಿಂದಲೂ ಮೊದಲೇ ಕರಗಿದ್ದದ್ದನ್ನು ಕಳೆಯಿರಿ. ಸೋಸೋದು 0.45 ಮೈಕ್ರಾನ್‌ನಲ್ಲಿ.

ಆಮೇಲೆ ಮೀಥೇನ್ ಬಾಟಲಿ ಪರೀಕ್ಷೆ. 37 ಡಿಗ್ರಿ, ಬೀಜದ ಸ್ಲಡ್ಜ್‌ನ (ಜೀರ್ಣಿಸೋ ಜೀವಿ ಇರೋ ಡೈಜೆಸ್ಟರ್ ಸ್ಲಡ್ಜ್) ವೊಲಟೈಲ್ ಎರಡು ಪಾಲು, ಪರೀಕ್ಷೆಯದ್ದು ಒಂದು. ಹಾಯಿಸಿದ್ದು, ಹಾಯಿಸದ್ದು, ಬರೀ ಬೀಜ, ತಲಾ ಮೂರು ಬಾಟಲಿ. ಹಾಯಿಸದ ಬಾಟಲಿಗೂ ಅಷ್ಟೇ ಡಿಗ್ರಿ ಬಿಸಿ ಕೊಟ್ಟ ಇನ್ನೊಂದು ಜೋಡಿ ಇದ್ದರೆ ಇನ್ನೂ ಒಳ್ಳೇದು. 30-40 ದಿನ ಓಡಿಸಿ, ಆದರೆ ಕೊನೇ ದಿನದ ಅಂಕಿ ಒಂದನ್ನೇ ನೋಡಬೇಡಿ, ಪೂರ್ತಿ ಗೆರೆ ಹಾಕಿ. 10ನೇ ದಿನ ಎರಡು ಗೆರೆ ದೂರ ಇದ್ದು 24ನೇ ದಿನಕ್ಕೆ ಹತ್ತಿರ ಬಂದರೆ, ಥಿಕನರ್ ಹಾಕಿದ ನಿಮ್ಮ ಘಟಕಕ್ಕೆ ಇದರ ಕೆಲಸ ಇಲ್ಲ.

ಯೂನಿಟ್_ಲೆಕ್ಕ
ಜೌಲ್ ಅಳೆಯೋದು ಗೋಡೆಯ ಪ್ಲಗ್‌ನಲ್ಲಿ. ಅವರ ಸ್ಕ್ರೀನ್‌ನಲ್ಲಿ ತೋರಿಸೋ ವ್ಯಾಟ್ ಅಲ್ಲ.

ಚರಂಡಿ_ಲೆಕ್ಕ
ಬೀಜದ ಸ್ಲಡ್ಜ್ ಅವರೇ ತರ್ತೀವಿ ಅಂತಿದ್ದಾರೆ.

ಬೀಕರ್‌ಬಾಯಿ
ತರೋದು ಬೇಡ. ನಿಮ್ಮ ಡೈಜೆಸ್ಟರ್‌ನಿಂದಲೇ ತೆಗೀರಿ, 37 ಡಿಗ್ರಿಯಲ್ಲಿ ಒಂದು ವಾರ ಹಸಿವಿಗೆ ಬಿಡಿ, ಅದರ ಸ್ವಂತ ಗ್ಯಾಸ್ ನಿಂತ ಮೇಲೆ ಬಾಟಲಿ ತುಂಬಿ. ಸೀಲ್ ನಿಮ್ಮ ಕೈಯಲ್ಲಿರಲಿ.